ಶಾಲು ಬೇಡ, ಭಾನುವಾರ ಕೊಡಿ



ಸಾಮಾನ್ಯವಾಗಿ ನಾನು ಇಲ್ಲಿ ಹಳೆಯ ನೆನಪುಗಳ ಬುತ್ತಿಯನ್ನು ಬಿಚ್ಚುತ್ತೇನೆ. ನೀವೂ ನಿಮ್ಮ ಶಾಲಾದಿನಗಳನ್ನು ನೆನೆದು ಸಂತೋಷಪಡುತ್ತೀರಿ. ಈ ಸಲ ಹಾಗಲ್ಲ. ನಿಮ್ಮೊಡನೆ ಜಗಳವಾಡಬೇಕೆಂದೇ ಕುಳಿತಿದ್ದೇನೆ. ಮೂವತ್ತನಾಲ್ಕು ವರ್ಷ ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನಿಗೆ ನಿವೃತ್ತಿಯ ನಂತರವೂ ಶಿಷ್ಯರ ಕಿವಿ ಹಿಂಡುವ ಹಕ್ಕು ಅಷ್ಟಿಷ್ಟು ಉಳಿದಿರುತ್ತದೆಂದು ನಂಬಿದ್ದೇನೆ. ಕಿವಿ ಹಿಂಡಿಸಿಕೊಳ್ಳಬೇಕಾದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಡೆದದ್ದು ಇಷ್ಟು. ಕೆಲವು ವಾರಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬ ದೂರವಾಣಿ ಮಾಡಿದ. ಈಗ ಅವನು ಕೆಂಗೇರಿಯ ಕಡೆ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಒಳ್ಳೆಯ ಹುಡುಗ, ತರಗತಿಯಲ್ಲಿ ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳುವುದರಲ್ಲಿ ಮುಂದಿದ್ದವನು. ಅವನ ಕೋರಿಕೆಗಳು ಎರಡು. ಮೊದಲನೆಯದು, ನಮ್ಮ ಬೀದಿಯ ಅಕ್ಕನವರಿಗೆ ಅವರ ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನ. ನಾನು ಅಧ್ಯಕ್ಷತೆ ವಹಿಸಿ ಅಭಿನಂದನಾ ನುಡಿಗಳನ್ನಾಡಬೇಕು. ಎರಡನೆಯದು, ಅವನ ಮಗಳು ನನ್ನ ಮಾರ್ಗದರ್ಶನದಲ್ಲಿ ನಲವತ್ತು ಗಂಟೆಗಳ ಸಮಾಜಸೇವೆ ಮಾಡಿದ್ದಾಳೆಂದು ಒಂದು ಪತ್ರ ಬರೆದುಕೊಡಬೇಕು. ಹೊರದೇಶದ ವಿಶ್ವವಿದ್ಯಾಲಯವೊಂದರ ಅರ್ಜಿಗೆ ಅದು ಬೇಕಂತೆ. ಆ ಮಗು ಒಂದು ಬೆಳಿಗ್ಗೆ, ಬಣ್ಣದ ಡಬ್ಬಿಗಳನ್ನು ಹಿಡಿದ ಇತರ ಮಕ್ಕಳೊಡನೆ, ಅಪಾರ್ಟ್‌ಮೆಂಟಿನ ಕಾಂಪೌಂಡು ಗೋಡೆಯ ಮೇಲೆ ಹೂವು, ಚಿಟ್ಟೆ ಬರೆದದ್ದು ನಿಜ. ಅದಕ್ಕೆ ಮೂರು ಗಂಟೆ ಹಿಡಿದಿರಬಹುದು. ಉಳಿದ ಮೂವತ್ತೇಳು ಗಂಟೆಗಳನ್ನು ನನ್ನ ಲೇಖನಿ ಸೃಷ್ಟಿಸಬೇಕಾಗಿತ್ತು.

ಎರಡಕ್ಕೂ ಆಗುವುದಿಲ್ಲವೆಂದೆ. ಅವನಿಗೆ ನೋವಾಯಿತು. "ಸಾರ್, ಸಮಾಜಸೇವೆ ಮಾಡಿ ಅಂತ ನಮಗೆ ಪಾಠ ಹೇಳಿದವರು ನೀವೇ ಅಲ್ಲವೇ? ಈಗ ಮಾಡಿದರೆ ಬೇಡ ಅಂತೀರಲ್ಲ" ಎಂದ. ನ್ಯಾಯವಾದ ಪ್ರಶ್ನೆ. ದೂರವಾಣಿಯಲ್ಲಿ ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅದನ್ನು ಇಲ್ಲಿ ಕೊಡುತ್ತಿದ್ದೇನೆ. ಪ್ರಶ್ನೆ ಅವನೊಬ್ಬನದೇ ಅಲ್ಲವಾದ್ದರಿಂದ ಎಲ್ಲರೂ ಓದಬಹುದು.

ಮೊದಲು ಅಕ್ಕನವರ ವಿಷಯ. ನಿಮ್ಮಲ್ಲಿ ಅನೇಕರಿಗೆ ಅವರ ಪರಿಚಯವಿದೆ. ಹೆಸರು ಹೇಳುವುದು ಅವರಿಗೆ ಹಿಡಿಸದು. ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದವರು. ಯಜಮಾನರು ಕಾರ್ಖಾನೆಯ ಕೆಲಸಗಾರರು. ರಾಜಾಜಿನಗರದ ಆ ಸಣ್ಣ ಮನೆಯ ಜಗುಲಿಯ ಮೇಲೆ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಕ್ಕಳಿಗೆ ಚಿತ್ರ ಬರೆಯಲು, ಜೇಡಿಮಣ್ಣಿನಲ್ಲಿ ಗೊಂಬೆ ಮಾಡಲು, ಹಾಡಲು, ಕಸೂತಿ ಹಾಕಲು ಹೇಳಿಕೊಡುತ್ತಿದ್ದರು. ಮಾಗಡಿ ರಸ್ತೆಯ ಓಣಿಗಳಲ್ಲಿ ಊದುಬತ್ತಿ ಹೊಸೆಯುವ ಹೆಂಗಸರ ಮಕ್ಕಳು, ಪವರ್‌ಲೂಮ್ ಮಗ್ಗಗಳಲ್ಲಿ ದುಡಿಯುವವರ ಮಕ್ಕಳು, ನನ್ನ ಶಾಲೆಯ ಮಕ್ಕಳು ಎಲ್ಲರೂ ಒಂದೇ ಚಾಪೆಯ ಮೇಲೆ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆ ಅಂಚೆ ಕಚೇರಿಯ ಅರ್ಜಿ ತುಂಬಿಸಿಕೊಡುವುದು, ರುಜು ಹಾಕಲು ಕಲಿಸುವುದು, ಊರಿಗೆ ಕಾಗದ ಬರೆದುಕೊಡುವುದು ಇವೂ ಅಲ್ಲಿಯೇ ನಡೆಯುತ್ತಿದ್ದವು. ಯಾವುದು ಕಲೆ, ಯಾವುದು ಸೇವೆ ಎಂದು ಅವರು ಎಂದೂ ಗೆರೆ ಎಳೆದವರಲ್ಲ. ಹೀಗೆ ನಲವತ್ತು ವರ್ಷಕ್ಕೂ ಮಿಗಿಲು.

ಜಗುಲಿ ಸಾಲದಾದಾಗ ಬಡಾವಣೆಯ ಒಂದು ಸಭಾಂಗಣದವರು ಭಾನುವಾರ ಬೆಳಗಿನ ಹೊತ್ತು ಜಾಗ ಕೊಟ್ಟಿದ್ದರು. ಯಾವ ಸಭಾಂಗಣವೆಂಬುದು ಬೇಡ. ಆಡಳಿತ ಮಂಡಳಿ ಬದಲಾಯಿತು. ಮದುವೆ, ನಾಮಕರಣಗಳಿಗೆ ವಿಧಿಸುವ ದರವನ್ನೇ ಕೊಡಿ ಎಂದರು. ಅಷ್ಟರಲ್ಲಿ ಹಳೆಯ ಮನೆ ಕೆಡವಿ ಮಕ್ಕಳು ಮೂರು ಅಂತಸ್ತು ಕಟ್ಟಿಸಿದ್ದರಿಂದ ಜಗುಲಿಯೂ ಇಲ್ಲ. ಈಗ ಎಂಬತ್ತೊಂದರ ವಯಸ್ಸಿನಲ್ಲಿ, ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ, ಕಾರು ನಿಲ್ಲಿಸುವ ಜಾಗದಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಆ ತರಗತಿ ನಡೆಯುತ್ತಿದೆ. ಸನ್ಮಾನದ ಸುದ್ದಿಯನ್ನು ನಾನು ಅವರಿಗೆ ತಿಳಿಸಿದಾಗ ಬಂದ ಉತ್ತರವನ್ನು ಅವರ ಮಾತಿನಲ್ಲಿಯೇ ಹೇಳುತ್ತೇನೆ: "ಶಾಲು ಯಾಕ್ರಿ ಸರ? ಟ್ರಂಕಿನ್ಯಾಗ ಹದಿನಾಲ್ಕು ಅದಾವ. ಐತ್ವಾರ ಬರೋರು ಯಾರರ ಒಬ್ಬರಿದ್ದರ ಕಳಸ್ರಿ."

ನನ್ನ ಶಿಷ್ಯ ಕಾರ್ಯಕ್ರಮದ ಅಂದಾಜು ವೆಚ್ಚದ ಪಟ್ಟಿಯನ್ನು ಓದಿ ಹೇಳಿದ್ದ. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗಿನ ಸ್ಮರಣಿಕೆ, ಶಾಮಿಯಾನ, ಧ್ವನಿವರ್ಧಕ, ಛಾಯಾಚಿತ್ರ, ಊಟ. ಆ ಮೊತ್ತದಲ್ಲಿ ಆ ಸಭಾಂಗಣದ ಅನೇಕ ಭಾನುವಾರಗಳ ಬಾಡಿಗೆಯನ್ನು ಕಟ್ಟಿಬಿಡಬಹುದಾಗಿತ್ತು. ಇದನ್ನು ಹೇಳಿದಾಗ ಅವನು, "ಸಾರ್, ಬಾಡಿಗೆಗೆ ದುಡ್ಡು ಕೇಳಿದರೆ ಮೆಂಬರುಗಳು ಒಪ್ಪುವುದಿಲ್ಲ. ಸನ್ಮಾನ ಎಂದರೆ ಒಪ್ಪುತ್ತಾರೆ" ಎಂದ. ಈ ಒಂದು ವಾಕ್ಯದಲ್ಲಿ ನಮ್ಮ ರೋಗವೆಲ್ಲ ಅಡಗಿದೆ. ಒಬ್ಬರು ಮಾಡುವ ಕೆಲಸಕ್ಕೆ ಕೊಡಲು ನಮ್ಮಲ್ಲಿ ಏನೂ ಇಲ್ಲ. ಆ ಕೆಲಸವನ್ನು ಹೊಗಳಲು ಬೇಕಾದಷ್ಟಿದೆ. ಸನ್ಮಾನವೆಂಬುದು ಈಗ ಸಾಲ ತೀರಿಸುವ ರೀತಿಯಾಗಿಲ್ಲ, ಸಾಲವನ್ನು ಮನ್ನಾ ಮಾಡಿಸಿಕೊಳ್ಳುವ ಉಪಾಯವಾಗಿದೆ.

ಈ ಸಂದರ್ಭದಲ್ಲಿ ನಾನು ಪದೇ ಪದೇ ನೆನೆಯುತ್ತಿರುವವರು ಕಮಲಾದೇವಿ ಚಟ್ಟೋಪಾಧ್ಯಾಯರು. ಹೆಸರು ಕೇಳಿ ಬಂಗಾಳದವರೆಂದುಕೊಳ್ಳಬೇಡಿ. 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಹೆಣ್ಣುಮಗಳು. ತಂದೆ ಧಾರೇಶ್ವರರು ಉನ್ನತ ಅಧಿಕಾರಿ, ತಾಯಿ ಗಿರಿಜಾಬಾಯಿ. ಕಮಲಾದೇವಿ ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ, ಬಾಲವಿಧವೆಯೂ ಆದರು. ಅನಂತರ ಮದರಾಸಿನಲ್ಲಿ ಓದು ಮುಂದುವರಿಸಿ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು. ವಿಧವಾ ವಿವಾಹ, ಅದೂ ಬೇರೆ ಭಾಷೆಯವರೊಡನೆ. ಆ ಕಾಲದಲ್ಲಿ ಎಷ್ಟು ಗುಲ್ಲೆದ್ದಿರಬೇಕು ಊಹಿಸಿಕೊಳ್ಳಿ.

ಅವರು ಸ್ವಯಂಸೇವಕಿಯಾದ ಬಗೆಯನ್ನು ನೀವು ತಿಳಿಯಬೇಕು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋಗಿಯೂ ಕ್ಷಮೆ ಯಾಚಿಸದೆ ಬಂದ ಹುಬ್ಬಳ್ಳಿಯ ತರುಣರ ದಂಡು ಅದರ ಬೇರು. ಉತ್ಸಾಹವೊಂದೇ ಸಾಲದು, ಶಿಸ್ತೂ ತರಬೇತಿಯೂ ಬೇಕೆಂಬುದು ಹರ್ಡೀಕರರ ನಿಲುವು. ಕಮಲಾದೇವಿಯವರು ಈ ದಳವನ್ನು ಸೇರಿ, ಅದರ ಮಹಿಳಾ ವಿಭಾಗದ ಹೊಣೆ ಹೊತ್ತು, ಊರೂರು ತಿರುಗಿ ಹೆಣ್ಣುಮಕ್ಕಳನ್ನು ಸೇವಿಕೆಯರನ್ನಾಗಿ ಸಿದ್ಧಪಡಿಸಿದರು. ಗಮನಿಸಿ: ಅಂದು ಸ್ವಯಂಸೇವೆಗೆ ಮೊದಲು ತರಬೇತಿ, ಆಮೇಲೆ ಕೆಲಸ, ಆಮೇಲೆ ಬಹುಶಃ ಸೆರೆಮನೆ. ಇಂದು ಮೊದಲು ಬನಿಯನ್ನು, ಆಮೇಲೆ ಭಾವಚಿತ್ರ, ಆಮೇಲೆ ಪ್ರಮಾಣಪತ್ರ. ಕೆಲಸವೆಂಬುದು ನಡುವೆ ಎಲ್ಲಿಯೋ ಉದುರಿಹೋಗಿದೆ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಭಾಗವಹಿಸಬೇಕೆಂದು ಗಾಂಧೀಜಿಯವರನ್ನು ಒತ್ತಾಯಿಸಿದವರು ಇವರೇ. ಮುಂಬಯಿಯಲ್ಲಿ ಉಪ್ಪು ತಯಾರಿಸಿ, ಪೊಟ್ಟಣ ಕಟ್ಟಿ, ಷೇರುಪೇಟೆಗೇ ನುಗ್ಗಿ ಮಾರಿ ಬಂಧನಕ್ಕೊಳಗಾದರು. ಮರುವರ್ಷ, 1931ರಲ್ಲಿ, 'ಮೃಚ್ಛಕಟಿಕ'ವನ್ನು ಆಧರಿಸಿದ ಮೂಕಿ ಚಿತ್ರದಲ್ಲಿ ಅಭಿನಯಿಸಿದರು, ನಮ್ಮ ಟಿ.ಪಿ. ಕೈಲಾಸಂ ಅವರೂ ಅದರಲ್ಲಿದ್ದರು. ಕುಲೀನ ಮನೆತನದ ಹೆಂಗಸರು ಬಣ್ಣ ಹಚ್ಚುವುದೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಸೆರೆಮನೆಯೂ ರಂಗಸ್ಥಳವೂ ಒಂದೇ ಬದುಕಿನಲ್ಲಿ ಹೀಗೆ ಅಕ್ಕಪಕ್ಕದಲ್ಲಿದ್ದವು. ಒಂದು ಗಂಭೀರವಾದದ್ದು, ಇನ್ನೊಂದು ಹವ್ಯಾಸವೆಂಬ ಭೇದ ಅವರಿಗಿರಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಅಧಿಕಾರದ ಬಾಗಿಲಲ್ಲಿ ನಿಲ್ಲಬಹುದಾಗಿತ್ತು. ಅವರು ಹೋದದ್ದು ನಿರಾಶ್ರಿತರ ಬಳಿಗೆ. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿ, ವಾಯವ್ಯ ಗಡಿನಾಡಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದವರಿಗಾಗಿ ದೆಹಲಿಯ ಬಳಿ ಫರೀದಾಬಾದ್ ಪಟ್ಟಣ ತಲೆಯೆತ್ತುವ ಕೆಲಸದಲ್ಲಿ ನಿಂತರು. ಇದರ ಸ್ವಾರಸ್ಯ ಸಹಕಾರ ಎಂಬ ಪದದಲ್ಲಿದೆ. ನಿರಾಶ್ರಿತರಿಗೆ ಕಂಬಳಿ ಹಂಚಿ, ಚಿತ್ರ ತೆಗೆಸಿಕೊಂಡು ಬರುವುದು ಸುಲಭವಾಗಿತ್ತು. ಇವರು ಹಿಡಿದ ದಾರಿ, ಅವರ ಕೈಗಳಿಗೆ ಕೆಲಸವನ್ನೂ ಆ ಕೆಲಸದ ಒಡೆತನವನ್ನೂ ಕೊಡುವುದು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ದೀರ್ಘಕಾಲ ಮುನ್ನಡೆಸಿ, ದೇಶದ ಮೂಲೆಮೂಲೆಗಳ ಕುಶಲಕರ್ಮಿಗಳನ್ನು ಹುಡುಕಿ, ಅವರ ವಸ್ತುಗಳಿಗೆ ಮಾರುಕಟ್ಟೆಯನ್ನೂ ಅವರ ಹೆಸರುಗಳಿಗೆ ಮನ್ನಣೆಯನ್ನೂ ದೊರಕಿಸಿದರು. ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಆರಂಭವಾಯಿತು. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರ ಅಕ್ಟೋಬರ್ 29ರಂದು ತೀರಿಕೊಳ್ಳುವಾಗ ಎಂಬತ್ತೈದು ವರ್ಷ. ಅವರು ಬರೆದ ಭಾರತೀಯ ಮಹಿಳೆಯರ ಸ್ವಾತಂತ್ರ್ಯ ಹೋರಾಟದ ಇತಿಹಾಸವನ್ನು ವೈದೇಹಿಯವರು ಕನ್ನಡಕ್ಕೆ ತಂದಿದ್ದಾರೆ, ಓದದವರು ಓದಿ.

ಇಷ್ಟೆಲ್ಲ ದೆಹಲಿ, ಮುಂಬಯಿಯ ಕಥೆಯಾಯಿತು, ನಮ್ಮ ಪಶ್ಚಿಮ ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಇದೆ. ಕಮಲಾದೇವಿಯವರು ನಿಂತು ಬೆಳೆಸಿದ ಭಾರತೀಯ ನಾಟ್ಯ ಸಂಘವು 1958ರಲ್ಲಿ ಯುನೆಸ್ಕೊ ನೆರವಿನಿಂದ ದೆಹಲಿಯಲ್ಲಿ ಏಷ್ಯನ್ ಥಿಯೇಟರ್ ಇನ್‌ಸ್ಟಿಟ್ಯೂಟನ್ನು ತೆರೆಯಿತು. ಅದನ್ನು ಸಂಗೀತ ನಾಟಕ ಅಕಾಡೆಮಿ ವಹಿಸಿಕೊಂಡಿತು. 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅದು ಲೀನವಾಯಿತು. ಆ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವುದು ಜ್ಞಾನಭಾರತಿಯ ಪಕ್ಕದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ವಿಜಯನಗರದವರಿಗೂ ಕೆಂಗೇರಿಯವರಿಗೂ ದೂರವೇನಲ್ಲ. ಆದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಕಲಾಗ್ರಾಮವೆಂದರೆ ನೆನಪಾಗುವುದು 2013ರಲ್ಲಿ ಜಿ.ಎಸ್. ಶಿವರುದ್ರಪ್ಪನವರ, 2014ರಲ್ಲಿ ಯು.ಆರ್. ಅನಂತಮೂರ್ತಿಯವರ ಅಂತ್ಯಕ್ರಿಯೆಯನ್ನು ದೂರದರ್ಶನದಲ್ಲಿ ನೋಡಿದ್ದು. ಅಲ್ಲಿ ಆಡುವ ನಾಟಕಕ್ಕೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? ಸಾಹಿತಿ ಸತ್ತಾಗ ಅಳುವುದಕ್ಕೂ ಅಕ್ಕನವರಿಗೆ ಎಂಬತ್ತಾದಮೇಲೆ ಶಾಲು ಹೊದಿಸುವುದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲಿಯೂ ನಾವು ಕೆಲಸ ಮುಗಿದಮೇಲೆ ಬರುವವರು.

ಹಾಗೆಯೇ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ. ಹಾಲೆ ಮರದ ತುಂಡನ್ನು ತಿರುಗಣೆಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಕಾರು ನಿಲ್ಲಿಸಿ ಬೊಂಬೆ ಕೊಳ್ಳುವ ನಾವು ಅದಕ್ಕೆ ಕೇಳಿದ ಬೆಲೆಯಲ್ಲಿ ಅರ್ಧಕ್ಕೆ ಚೌಕಾಸಿ ಮಾಡುತ್ತೇವೆ. ಅದೇ ನಾವು ಮಾಲ್‌ಗೆ ಹೋದಾಗ ಚೀಟಿಯಲ್ಲಿ ಅಚ್ಚಾದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುತ್ತೇವೆ.

ಇಲ್ಲಿಗೆ ನನ್ನ ಮುಖ್ಯವಾದ ತಕರಾರಿಗೆ ಬಂದೆ. ಕಮಲಾದೇವಿಯವರ ಬದುಕಿನಿಂದ ನಾನು ಕಲಿತ ಪಾಠ ಒಂದೇ ಒಂದು: ನನ್ನ ಶ್ರಮವನ್ನು ನಾನು ದಾನ ಮಾಡಬಹುದು, ಇನ್ನೊಬ್ಬರ ಶ್ರಮವನ್ನು ದಾನವಾಗಿ ಕೇಳಬಾರದು. ಅವರು ತಮ್ಮ ಆಯುಸ್ಸನ್ನು ಕೊಟ್ಟರು. ಆದರೆ ನೇಕಾರನಿಗೆ, ಕುಂಬಾರನಿಗೆ, ಬಿದರಿ ಕೆಲಸದವನಿಗೆ ನೀವೂ ಪುಕ್ಕಟೆ ದುಡಿಯಿರಿ ಎನ್ನಲಿಲ್ಲ. ಅವರಿಗೆ ಕೂಲಿಯೂ ಬೆಲೆಯೂ ಸಿಗಬೇಕೆಂದು ಹೋರಾಡಿದರು. ನಮ್ಮ ಸಂಘಗಳಲ್ಲಿ ಇದು ತಲೆಕೆಳಗಾಗಿದೆ. ಶಾಮಿಯಾನದವನಿಗೆ ಹಣ, ಅಡುಗೆಯವನಿಗೆ ಹಣ, ಧ್ವನಿವರ್ಧಕದವನಿಗೆ ಮುಂಗಡ ಹಣ. ಹಾರ್ಮೋನಿಯಂ ನುಡಿಸಿದವನಿಗೆ ಮಾತ್ರ ಒಂದು ಶಾಲು, ಎರಡು ಬಾಳೆಹಣ್ಣು, "ಕಲಾಸೇವೆ" ಎಂಬ ಬಿರುದು. ಕಲೆ ಸೇವೆಯಾಗುವುದು ಕಲಾವಿದ ತಾನಾಗಿ ಹಾಗೆಂದುಕೊಂಡಾಗ. ನಾವು ಜೇಬನ್ನು ಮುಚ್ಚಿಕೊಳ್ಳಲು ಹಾಗೆ ಕರೆದಾಗ ಅದು ಬಿಟ್ಟಿಚಾಕರಿ. ಅಕ್ಕನವರು ನಲವತ್ತು ವರ್ಷ ಕೊಟ್ಟರು, ನಿಜ. ಹಾಗೆಂದು ಸೂಜಿ, ದಾರ, ಬಣ್ಣ, ಕಾಗದಗಳನ್ನೂ ತಮ್ಮ ಪಿಂಚಣಿಯಿಂದಲೇ ಕೊಳ್ಳಬೇಕೆಂದು ಯಾವ ಶಾಸ್ತ್ರ ಹೇಳಿದೆ?

ನಿಮ್ಮ ಆಕ್ಷೇಪಣೆಗಳು ನನಗೆ ಗೊತ್ತು. ಮೂವತ್ತನಾಲ್ಕು ವರ್ಷ ಕೇಳಿದ ಕಿವಿ ಇದು.

"ಕಮಲಾದೇವಿಯವರು ದೊಡ್ಡ ಮನೆಯವರು ಸಾರ್, ನಮಗೆ ಮನೆ ಸಾಲದ ಕಂತು ಇದೆ" ಎನ್ನುವಿರಿ. ತಂದೆ ತೀರಿಕೊಂಡಾಗ ಆಕೆಗೆ ಏಳು ವರ್ಷ. ಉಯಿಲು ಇರಲಿಲ್ಲವಾಗಿ ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿ ಮಗಳಿಗೆ ಸಿಕ್ಕಬಹುದಾಗಿದ್ದುದು ತಿಂಗಳ ಜೀವನಾಂಶ. ತಾಯಿ ಅದನ್ನು ನಿರಾಕರಿಸಿದರು. ಆದರೂ ಆಕೆಗೆ ವಿದ್ಯೆಯ ಬಲ, ದೊಡ್ಡವರ ಪರಿಚಯದ ಬಲ ಇತ್ತೆಂಬುದನ್ನು ಒಪ್ಪುತ್ತೇನೆ. ನಿಮ್ಮ ಮಾತಿನಲ್ಲಿ ಅಷ್ಟು ಸತ್ಯವಿದೆ. ಸರಿ, ಆಕೆಯನ್ನು ಬಿಡಿ. ನಮ್ಮ ಬೀದಿಯ ಅಕ್ಕನವರಿಗೆ ಯಾವ ಬಲವಿತ್ತು? ಕಾರ್ಖಾನೆಯ ಸಂಬಳದಲ್ಲಿ ನಾಲ್ಕು ಮಕ್ಕಳನ್ನು ಸಾಕುತ್ತಲೇ ಅವರು ಭಾನುವಾರವನ್ನು ಕೊಟ್ಟರು. ನಿಮಗೆ ಕಂತು ಇದೆ. ಅವರಿಗೆ ಪಡಿತರದ ಸಾಲು ಇತ್ತು.

"ಇದೆಲ್ಲ ಸರ್ಕಾರದ ಕೆಲಸ" ಎನ್ನುವಿರಿ. ಸರ್ಕಾರದ ಪಾಲು ಇದೆ. ಅದನ್ನು ಕೇಳಿ, ಬಿಡಬೇಡಿ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಸರ್ಕಾರದಿಂದಲೇ. 2013ರ ಕಂಪನಿ ಕಾಯಿದೆಯ ಪ್ರಕಾರ ನಿಗದಿತ ಮಟ್ಟದ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಯ ಕೆಲಸಗಳಿಗೆ ತೆಗೆದಿಡಬೇಕು. ಸಾಂಪ್ರದಾಯಿಕ ಕಲೆ ಮತ್ತು ಕರಕುಶಲವೂ ಆ ಕೆಲಸಗಳ ಪಟ್ಟಿಯಲ್ಲಿದೆ. ನಿಮ್ಮಲ್ಲಿ ಹಲವರು ಅಂಥ ಕಂಪನಿಗಳಲ್ಲಿ ಒಳ್ಳೆಯ ಹುದ್ದೆಗಳಲ್ಲಿದ್ದೀರಿ. ವರ್ಷಕ್ಕೊಂದು ದಿನ ಒಂದೇ ಬಣ್ಣದ ಬನಿಯನ್ನು ತೊಟ್ಟು ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿದು ಬರುವ ಬದಲು, ಆ ಶಾಲೆಗೆ ಒಬ್ಬ ಚಿತ್ರಕಲಾ ಶಿಕ್ಷಕರ ಸಂಬಳ ಕೊಡಿಸಲು ಸಾಧ್ಯವೇ ಎಂದು ನಿಮ್ಮ ಕಚೇರಿಯ ಸಭೆಯಲ್ಲಿ ಒಮ್ಮೆಯಾದರೂ ಕೇಳಿದ್ದೀರಾ?

"ಹೊಟ್ಟೆ ತುಂಬಿದವರಿಗೆ ಕಲೆ, ಬಡವರಿಗೆ ಅನ್ನ ಮೊದಲು" ಎಂಬುದು ಮೂರನೆಯ ಆಕ್ಷೇಪಣೆ. ಇದನ್ನು ಹೇಳುವವರು ಸಾಮಾನ್ಯವಾಗಿ ತಮ್ಮ ಮಕ್ಕಳನ್ನು ಭರತನಾಟ್ಯಕ್ಕೂ ಗಿಟಾರಿಗೂ ಕಳುಹಿಸುತ್ತಿರುತ್ತಾರೆ. ಹೆಗ್ಗೋಡಿನಂಥ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಕೆ ತೋಟದ ನಡುವೆ ರಂಗಮಂದಿರ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ತೋರಿಸಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಆರಂಭಿಸಿದರು. 1991ರಲ್ಲಿ ಅವರಿಗೂ ಮ್ಯಾಗ್ಸೆಸೆ ಬಂತು. ರೈತನಿಗೆ ನಾಟಕ ಏಕೆ ಎಂದು ಅವರು ಕೇಳಿಕೊಳ್ಳಲಿಲ್ಲ. 2005ರಲ್ಲಿ ಸುಬ್ಬಣ್ಣ ತೀರಿಕೊಂಡ ನಂತರವೂ ಆ ಸಂಸ್ಥೆ ನಡೆಯುತ್ತಿದೆಯೆಂದರೆ, ಅಲ್ಲಿಯ ಜನ ಅವರನ್ನು ಹೊಗಳಿದ್ದರಿಂದಲ್ಲ, ಜೊತೆಗೆ ದುಡಿದದ್ದರಿಂದ. ಅಕ್ಕನವರ ತರಗತಿಗೆ ಇಲ್ಲದಿರುವುದು ಅದೊಂದೇ.

ಕಲೆ ಬಡಮಕ್ಕಳಿಗೆ ಏನು ಕೊಡುತ್ತದೆಂಬುದಕ್ಕೆ ನಾನು ಕಂಡದ್ದನ್ನು ಹೇಳುತ್ತೇನೆ. ಒಮ್ಮೆ ಅಕ್ಕನವರು ಮಕ್ಕಳಿಗೆ ನದಿಯ ಚಿತ್ರ ಬರೆಯಲು ಹೇಳಿದ್ದರು. ಎಲ್ಲರೂ ನೀಲಿ ಬಳಿದರು. ವೃಷಭಾವತಿಯ ದಂಡೆಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಕಪ್ಪು ಬಳಿದ, ಮೇಲೆ ಬಿಳಿಯ ನೊರೆ. ಪಕ್ಕದವರು ನಕ್ಕರು. ಅಕ್ಕನವರು ನಗಲಿಲ್ಲ. "ನೀ ನೋಡಿದ್ದು ಬರದಿ. ಅವರು ಕೇಳಿದ್ದು ಬರದಾರ" ಎಂದು ಆ ಚಿತ್ರವನ್ನು ಗೋಡೆಗೆ ಅಂಟಿಸಿದರು. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವನ್ನು ನನ್ನ ಕನ್ನಡ ಪಾಠ ಅವನಿಗೆ ಕಲಿಸಿರಲಿಲ್ಲ. ನಾನೂ ಅವನಿಗೆ ಪಠ್ಯಪುಸ್ತಕದ ನದಿಯನ್ನೇ ಕಲಿಸಿದವನು.

ಈಗ ನನ್ನ ತಪ್ಪೊಪ್ಪಿಗೆ. ನಿಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಓದಿದವರಿಗೆ ನೆನಪಿರುತ್ತದೆ: ಡಿಸೆಂಬರ್ ಬಂತೆಂದರೆ ಶುಕ್ರವಾರದ ಕೊನೆಯ ಪೀರಿಯಡ್ಡನ್ನು ನಾನು ಕಿತ್ತುಕೊಳ್ಳುತ್ತಿದ್ದೆ. ಅದು ಚಿತ್ರಕಲೆಯ ಪೀರಿಯಡ್. ಚಿತ್ರಕಲಾ ಮೇಷ್ಟ್ರು ಮಿತಭಾಷಿ. ಬಾಗಿಲಲ್ಲಿ ನಿಂತು, ನನ್ನ ಕೈಯಲ್ಲಿ ವ್ಯಾಕರಣ ಪುಸ್ತಕ ನೋಡಿ, ಮಾತಿಲ್ಲದೆ ಹಿಂತಿರುಗುತ್ತಿದ್ದರು. ಫಲಿತಾಂಶ ಬಂದಾಗ ನನಗೆ ಶಹಬ್ಬಾಸ್ ಸಿಗುತ್ತಿತ್ತು. ಅವರು ನಿವೃತ್ತರಾದಾಗ ಅಭಿನಂದನಾ ಭಾಷಣ ಮಾಡಿದವನೂ ನಾನೇ. "ಕಲಾ ತಪಸ್ವಿ" ಎಂದೆ. ಶಾಲು ಹೊದಿಸಿದೆ. ಅವರು ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಆ ನೋಟದ ಅರ್ಥ ನನಗೆ ಆಗಲೇ ತಿಳಿದಿತ್ತು, ತಿಳಿಯದವನಂತೆ ನಟಿಸಿದೆ. ಅವರು ಈಗಿಲ್ಲ. ಕಿತ್ತುಕೊಂಡ ಶುಕ್ರವಾರಗಳನ್ನು ಅವರಿಗೂ ನಿಮಗೂ ಹಿಂತಿರುಗಿಸಲು ನನ್ನಿಂದಾಗದು. ಶಿಷ್ಯ ಸನ್ಮಾನಕ್ಕೆ ಕರೆದಾಗ ನನಗೆ ಅಷ್ಟು ಸಿಟ್ಟು ಬಂದದ್ದೇಕೆಂಬುದು ಈಗ ನಿಮಗೆ ಅರ್ಥವಾಗಿರಬಹುದು. ಆ ಸಿಟ್ಟಿನಲ್ಲಿ ಅರ್ಧಪಾಲು ನನ್ನ ಮೇಲಿನದೇ.

ಬರಿಯ ಬೈಗುಳದಿಂದ ಪ್ರಯೋಜನವಿಲ್ಲವಾದ್ದರಿಂದ ನಿಮ್ಮಿಂದ ಮೂರು ವಸ್ತುಗಳನ್ನು ಬೇಡುತ್ತೇನೆ.

ಒಂದು, ಭಾನುವಾರ. ವರ್ಷಕ್ಕೆ ಐವತ್ತೆರಡು ಭಾನುವಾರಗಳ ಒಂದು ಹಾಳೆಯನ್ನು ಬರೆದು ನನ್ನ ಮನೆಯ ಗೋಡೆಗೆ ಹಚ್ಚಿದ್ದೇನೆ. ಒಂದೊಂದಕ್ಕೆ ಇಬ್ಬರ ಹೆಸರು ಬೇಕು. ಚಿತ್ರ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಚಾಪೆ ಹಾಸಲು, ಪೆನ್ಸಿಲು ಕೆತ್ತಲು, ಮಕ್ಕಳನ್ನು ರಸ್ತೆ ದಾಟಿಸಲು, ಅಕ್ಕನವರ ಕನ್ನಡಕ ಹುಡುಕಿಕೊಡಲು ಜನ ಬೇಕು. 2021ರಿಂದ ಕೆಂಗೇರಿಯವರೆಗೂ ಮೆಟ್ರೊ ಬಂದಿದೆ. ವಾಹನ ದಟ್ಟಣೆಯ ನೆಪವನ್ನು ನಾನು ಒಪ್ಪುವುದಿಲ್ಲ.

ಎರಡು, ಜಾಗ. ನಿಮ್ಮ ಅಪಾರ್ಟ್‌ಮೆಂಟುಗಳ ಕ್ಲಬ್ ಹೌಸುಗಳು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತವೆ. ಅಲ್ಲಿಗೆ ಊದುಬತ್ತಿ ಹೊಸೆಯುವವರ ಮಕ್ಕಳನ್ನೂ ಕಾವಲುಗಾರರ ಮಕ್ಕಳನ್ನೂ ನಿಮ್ಮ ಮಕ್ಕಳ ಜೊತೆಗೆ ಒಂದೇ ಚಾಪೆಯ ಮೇಲೆ ಕೂರಿಸಲು ನಿಮ್ಮ ಸಂಘ ಒಪ್ಪುವುದೇ? ಒಪ್ಪಿದರೆ ಅದೇ ಅಕ್ಕನವರಿಗೆ ಸನ್ಮಾನ. ಆ ದಿನ ನಾನು ಅಧ್ಯಕ್ಷತೆ ವಹಿಸಲು ಮಾತ್ರವಲ್ಲ, ಕುರ್ಚಿ ಜೋಡಿಸಲೂ ಬರುತ್ತೇನೆ.

ಮೂರು, ಸಂಭಾವನೆ. ನಿಮ್ಮ ಗಣೇಶೋತ್ಸವ, ರಾಜ್ಯೋತ್ಸವಗಳಿಗೆ ಹಾಡುವವರನ್ನು, ನಾಟಕದವರನ್ನು ಕರೆದರೆ ಶಾಮಿಯಾನದವನಿಗೆ ಕೊಡುವಂತೆಯೇ ಮೊದಲೇ ಮಾತನಾಡಿ ಹಣ ಕೊಡಿ. ಬೇಡವೆನ್ನುವ ಹಕ್ಕು ಅವರದು, ಕೊಡದಿರುವ ಹಕ್ಕು ನಮ್ಮದಲ್ಲ.

ಕೊನೆಯದಾಗಿ ಆ ಹುಡುಗಿಯ ವಿಷಯ. ತಂದೆ ಮುನಿಸಿಕೊಂಡರೂ ಮಗಳು ಮುಂದಿನ ಭಾನುವಾರ ತಾನಾಗಿಯೇ ಮೆಟ್ರೊ ಹತ್ತಿ ಬಂದಳು. ಸೂಜಿ ಹಿಡಿದು ಅಭ್ಯಾಸವಿಲ್ಲ. ಅಕ್ಕನವರು ಅವಳಿಗೆ ಗವಂತಿ ಹೊಲಿಗೆ ಹೇಳಿಕೊಟ್ಟರು: ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟ ಜಾಗವನ್ನು ತುಂಬುತ್ತ ಬರಬೇಕು, ಆಗ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ, ಗಂಟು ಎಲ್ಲಿಯೂ ಕಾಣಬಾರದು. ಪಕ್ಕದಲ್ಲಿದ್ದ ಆರನೆಯ ತರಗತಿಯ ಹುಡುಗಿ ಇವಳಿಗಿಂತ ಚೆನ್ನಾಗಿ ಹಾಕಿ ತೋರಿಸಿದಳು. ಅದರ ಮುಂದಿನ ವಾರವೂ ಬಂದಳು. ಮೂರನೆಯ ವಾರ ಟ್ಯೂಷನ್ ಇತ್ತಂತೆ, ಬರಲಿಲ್ಲ. ನಾನು ಲೆಕ್ಕ ಇಟ್ಟಿದ್ದೇನೆ. ಅವಳು ಎಷ್ಟು ಗಂಟೆ ಬಂದಳೋ ಅಷ್ಟಕ್ಕೆ, ಒಂದು ನಿಮಿಷವೂ ಹೆಚ್ಚಿಲ್ಲದಂತೆ, ಕಡಿಮೆಯಿಲ್ಲದಂತೆ, ಪತ್ರ ಬರೆದುಕೊಡುತ್ತೇನೆ. ಈವರೆಗೆ ಐದೂವರೆ ಗಂಟೆ.

ಗೋಡೆಯ ಹಾಳೆಯಲ್ಲಿ ಒಂಬತ್ತು ಭಾನುವಾರಗಳು ತುಂಬಿವೆ. ಅವುಗಳಲ್ಲಿ ನಾಲ್ಕು ನನ್ನವೇ. ಉಳಿದ ನಲವತ್ತಮೂರು ನಿಮ್ಮವು.

ಇಂತಿ,
ನಿಮ್ಮ ಹಳೆಯ ಕನ್ನಡ ಮೇಷ್ಟ್ರು